ಬಸ್ರಾದ ಕುಂಬಾರರೂ ಬೆಳಕಿನ ವಿಜ್ಞಾನವೂ

ಟ್ಯುನೀಷಿಯಾ ದೇಶದ ಕೈರುವಾನ್ ನಗರದ ಮಹಾ ಮಸೀದಿಯ ಮಿಹ್ರಾಬಿನ ಸುತ್ತ ನೂರಕ್ಕೂ ಹೆಚ್ಚು ಮಣ್ಣಿನ ಬಿಲ್ಲೆಗಳನ್ನು ಕೂರಿಸಲಾಗಿದೆ. ಅವು ಕ್ರಿ.ಶ. 9ನೇ ಶತಮಾನದವು. ಬೆಳಕು ಸರಿಯಾದ ಕೋನದಲ್ಲಿ ಬಿದ್ದರೆ ಅವುಗಳ ಮೇಲಿನ ಚಿತ್ತಾರ ಚಿನ್ನದಂತೆ ಮಿನುಗುತ್ತದೆ. ಆದರೆ ಆ ಹೊಳಪಿಗೆ ಚಿನ್ನ ಬಳಸಿಲ್ಲ. ಅದು ಬೆಳ್ಳಿ ಮತ್ತು ತಾಮ್ರದ ಅತಿ ಸೂಕ್ಷ್ಮ ಕಣಗಳ ಕೆಲಸ. ಅಂತಹ ಸಾವಿರಾರು ಕಣಗಳನ್ನು ಸಾಲಾಗಿ ಜೋಡಿಸಿದರೂ ಒಂದು ಕೂದಲೆಳೆಯ ದಪ್ಪ ಮೀರುವುದಿಲ್ಲ.

ಲಸ್ಟರ್ ಎಂದು ಕರೆಯಲಾಗುವ ಈ ಕಲೆ ಮೊದಲು ಈಜಿಪ್ಟ್ ಮತ್ತು ಸಿರಿಯಾಗಳ ಗಾಜಿನ ಪಾತ್ರೆಗಳ ಮೇಲಿತ್ತು. ಅದನ್ನು ಮಣ್ಣಿನ ಪಾತ್ರೆಗೆ ಇಳಿಸಿದವರು ಅಬ್ಬಾಸಿ ಖಲೀಫರ ಕಾಲದ ಇರಾಕಿನ ಕುಂಬಾರರು. ಬಸ್ರಾ ಅದರ ಮುಖ್ಯ ಕೇಂದ್ರವಾಗಿತ್ತೆಂದು ಇಂದಿನ ವಿದ್ವಾಂಸರು ಹೇಳುತ್ತಾರೆ. ಕೆಲಸ ಹೀಗಿತ್ತು: ತವರ ಬೆರೆಸಿದ ಬಿಳಿ ಮೆರುಗು ಕೊಟ್ಟು ಪಾತ್ರೆಯನ್ನು ಒಮ್ಮೆ ಸುಡುವುದು. ಆಮೇಲೆ ಬೆಳ್ಳಿ, ತಾಮ್ರದ ಪುಡಿಗಳನ್ನು ಕಾವಿಮಣ್ಣು ಮತ್ತು ಹುಳಿರಸದಲ್ಲಿ ಕಲಸಿ ಅದರಿಂದ ಚಿತ್ರ ಬರೆಯುವುದು. ನಂತರ ಕಡಿಮೆ ಉರಿಯಲ್ಲಿ, ಸುಮಾರು 600 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ, ಹೊಗೆ ತುಂಬಿಸಿ ಎರಡನೆಯ ಸಲ ಸುಡುವುದು. ಇಲ್ಲಿ ಹೊಗೆಯೇ ಮುಖ್ಯ. ಮೆರುಗಿನೊಳಗೆ ಇಳಿದ ಲೋಹದ ಅಂಶಗಳು ಆ ಹೊಗೆಯಿಂದಾಗಿ ಶುದ್ಧ ಲೋಹದ ಕಣಗಳಾಗಿ ಮಾರ್ಪಡುತ್ತವೆ. ಹೊಗೆ ಕಡಿಮೆಯಾದರೆ ಹೊಳಪಿಲ್ಲ, ಹೆಚ್ಚಾದರೆ ಪಾತ್ರೆ ಕಪ್ಪು.

ಇದರ ಕಾರಣ ತಿಳಿಯಲು ಜಗತ್ತು ಸುಮಾರು ಸಾವಿರ ವರ್ಷ ಕಾಯಬೇಕಾಯಿತು. 1857ರಲ್ಲಿ ಲಂಡನ್ನಿನ ಮೈಕೇಲ್ ಫ್ಯಾರಡೆ ಚಿನ್ನದ ಸೂಕ್ಷ್ಮ ಕಣಗಳು ತೇಲುವ ಮಾಣಿಕ್ಯ ಬಣ್ಣದ ದ್ರವದ ಬಗ್ಗೆ ಪ್ರಬಂಧ ಪ್ರಕಟಿಸಿದರು. 1908ರಲ್ಲಿ ಜರ್ಮನಿಯ ಗುಸ್ಟಾವ್ ಮೀ ಅದಕ್ಕೆ ಗಣಿತದ ಆಧಾರ ಕೊಟ್ಟರು. ಲೋಹದೊಳಗೆ ಸ್ವತಂತ್ರವಾಗಿ ಓಡಾಡುವ ಎಲೆಕ್ಟ್ರಾನುಗಳಿವೆ. ಕಣ ಬಹಳ ಚಿಕ್ಕದಾದಾಗ ಬೆಳಕಿನ ಅಲೆ ಅವನ್ನೆಲ್ಲ ಒಟ್ಟಿಗೆ ಅತ್ತಿತ್ತ ತೂಗುತ್ತದೆ. ತೊಟ್ಟಿಲನ್ನು ಅದರ ಲಯಕ್ಕೆ ಸರಿಯಾಗಿ ತಳ್ಳಿದರೆ ಹೇಗೆ ಜೋರಾಗಿ ತೂಗುತ್ತದೆಯೋ ಹಾಗೆಯೇ ಒಂದು ನಿರ್ದಿಷ್ಟ ಬಣ್ಣಕ್ಕೆ ಮಾತ್ರ ಈ ತೂಗಾಟ ಬಲವಾಗುತ್ತದೆ. ಸುಮಾರು 20 ನ್ಯಾನೋಮೀಟರಿನ ಚಿನ್ನದ ಕಣ ಹಸಿರು ಬೆಳಕನ್ನು ಹೀರಿಕೊಳ್ಳುವುದರಿಂದ ದ್ರವ ಕೆಂಪಾಗಿ ಕಾಣುತ್ತದೆ. ಕಣದ ಗಾತ್ರ, ಆಕಾರ, ಪರಸ್ಪರ ದೂರ ಬದಲಾದರೆ ಬಣ್ಣವೂ ಬದಲು. ಕೋವಿಡ್ ಕಾಲದಲ್ಲಿ ನೀವು ಕಂಡ ಅನೇಕ ಪರೀಕ್ಷಾ ಪಟ್ಟಿಗಳ ಕೆಂಪು ಗೆರೆ ಇಂತಹ ಚಿನ್ನದ ಕಣಗಳದ್ದೇ. ಸರ್ ಸಿ.ವಿ. ರಾಮನ್ ಅವರು 1928ರಲ್ಲಿ ಕಲ್ಕತ್ತಾದಲ್ಲಿ ಕಂಡುಹಿಡಿದ ರಾಮನ್ ಪರಿಣಾಮವು ತೀರಾ ಕ್ಷೀಣವಾದದ್ದು. ಉರುಟುಗೊಳಿಸಿದ ಬೆಳ್ಳಿಯ ಮೇಲೆ ಅದು ಲಕ್ಷಪಟ್ಟು ಹೆಚ್ಚುತ್ತದೆಂದು 1977ರಲ್ಲಿ ತಿಳಿಯಿತು. ಆಗ ರಾಮನ್ ಬದುಕಿರಲಿಲ್ಲ.

ಹಾಗಾದರೆ ಬಸ್ರಾದವರಿಗೆ ನ್ಯಾನೋ ತಂತ್ರಜ್ಞಾನ ಗೊತ್ತಿತ್ತು ಎನ್ನೋಣವೇ? ಭಾಷಣಗಳಲ್ಲಿ ಹಾಗೆ ಹೇಳಿ ಚಪ್ಪಾಳೆ ಗಿಟ್ಟಿಸುವುದು ಸುಲಭ. ರೋಮನ್ನರೂ 4ನೇ ಶತಮಾನದಲ್ಲೇ ಬೆಳ್ಳಿ-ಚಿನ್ನದ ಕಣಗಳುಳ್ಳ ಗಾಜಿನ ಬಟ್ಟಲು ಮಾಡಿದ್ದರು. ಕುಂಬಾರರಿಗೆ ಎಲೆಕ್ಟ್ರಾನ್ ಗೊತ್ತಿರಲಿಲ್ಲ. ಅವರಿಗೆ ಗೊತ್ತಿದ್ದದ್ದು ಹೊಗೆಯ ಹದ. ಅದೇನು ಸಣ್ಣ ವಿದ್ಯೆಯಲ್ಲ. ಇಲ್ಲದ ಬಿರುದು ಅದಕ್ಕೆ ಬೇಕಾಗಿಯೂ ಇಲ್ಲ.

ಇನ್ನೊಂದು ವಿಷಯ ಗಮನಿಸಿ. ದೃಷ್ಟಿವಿಜ್ಞಾನದ ಮಹಾಗ್ರಂಥ ‘ಕಿತಾಬುಲ್ ಮನಾಝಿರ್’ ಬರೆದ ಇಬ್ನುಲ್ ಹೈಥಮ್ ಹುಟ್ಟಿದ್ದು ಸುಮಾರು 965ರಲ್ಲಿ, ಇದೇ ಬಸ್ರಾದಲ್ಲಿ. ಲಸ್ಟರ್ ಕಲೆ 10ನೇ ಶತಮಾನದಲ್ಲಿ ಈಜಿಪ್ಟ್ ಸೇರಿತು. ಮುಂದೆ ಅವರೂ ಕೈರೋಗೆ ಹೋದರು. ಒಂದೇ ಊರಿನ ಎರಡು ವಿದ್ಯೆಗಳು ಒಂದೇ ದಿಕ್ಕಿಗೆ ನಡೆದವು. ಒಂದು ಗ್ರಂಥವಾಗಿ ಲ್ಯಾಟಿನ್ ಭಾಷೆಗೂ ಅನುವಾದವಾಯಿತು. ಇನ್ನೊಂದು ಬಹುಮಟ್ಟಿಗೆ ತಂದೆಯಿಂದ ಮಗನಿಗೆ, ಗುರುವಿನಿಂದ ಶಿಷ್ಯನಿಗೆ ಆವಿಗೆಯ ಬಳಿಯೇ ದಾಟಿತು.

ಈ ಮೌನ ಮುರಿದವರಲ್ಲಿ ಪ್ರಮುಖರು ಇರಾನಿನ ಕಾಶಾನ್ ನಗರದ ಅಬುಲ್ ಖಾಸಿಂ. ಅವರದು ತಲೆಮಾರುಗಳಿಂದ ಲಸ್ಟರ್ ಬಿಲ್ಲೆ ಮಾಡುತ್ತಿದ್ದ ಅಬೂ ತಾಹಿರ್ ಮನೆತನ. ಸೋದರ ಯೂಸುಫ್ ಅದೇ ಕಸುಬಿನಲ್ಲಿದ್ದರು. ಇವರು ಮಾತ್ರ ಲೇಖನಿ ಹಿಡಿದು ಮಂಗೋಲ್ ದೊರೆಗಳ ಆಸ್ಥಾನದ ಇತಿಹಾಸಕಾರರಾದರು. ಹಿಜರಿ 700ರಲ್ಲಿ, ಅಂದರೆ ಕ್ರಿ.ಶ. 1301ರ ಸುಮಾರಿಗೆ, ರತ್ನ ಮತ್ತು ಸುಗಂಧಗಳನ್ನು ಕುರಿತ ತಮ್ಮ ಪಾರಸಿ ಗ್ರಂಥದ ಕೊನೆಗೆ ಮನೆತನದ ಗುಟ್ಟನ್ನೂ ಬರೆದಿಟ್ಟರು: ಯಾವ ಪುಡಿ ಎಷ್ಟು, ಮೂರು ದಿನ ಎಂತಹ ಹೊಗೆ, ಆರಿದ ಮೇಲೆ ಹಸಿಮಣ್ಣಿನಿಂದ ಹೇಗೆ ಉಜ್ಜಿದರೆ ಹೊನ್ನಿನ ಬಣ್ಣ ಹೊರಬರುತ್ತದೆ ಎಂಬುದನ್ನೆಲ್ಲ.