ಗೆದ್ದವರ ಜಗಳ: ಉಸ್ಮಾನಿಯಾ ನೆಲದ ಹಂಚಿಕೆಯ ಕಥೆ

ಮೊದಲ ಮಹಾಯುದ್ಧದಲ್ಲಿ ಉಸ್ಮಾನಿಯಾ ಸಾಮ್ರಾಜ್ಯ ಸೋತ ಮೇಲೆ ಏನಾಯಿತು ಎಂದು ಕೇಳಿದರೆ ನಮ್ಮಲ್ಲಿ ಹೆಚ್ಚಿನವರ ಉತ್ತರ ಒಂದೇ: ‘ಅವರೆಲ್ಲ ಒಂದಾಗಿ ಹರಿದು ಹಂಚಿಕೊಂಡರು.’ ವೇದಿಕೆಗಳಲ್ಲೂ ಈ ಮಾತನ್ನು ನಾವು ಕೇಳುತ್ತಾ ಬಂದಿದ್ದೇವೆ. ಇದರಲ್ಲಿ ಅರ್ಧ ಸತ್ಯವಿದೆ. ಹರಿದು ಹಂಚಿಕೊಳ್ಳಲು ಹೊರಟದ್ದು ನಿಜ. ಆದರೆ ಅವರು ಒಂದಾಗಿರಲಿಲ್ಲ. ಯುದ್ಧದಲ್ಲಿ ಹೆಗಲಿಗೆ ಹೆಗಲು ಕೊಟ್ಟ ಬ್ರಿಟನ್, ಫ್ರಾನ್ಸ್ ಮತ್ತು ಇಟಲಿ, ಶಾಂತಿಯ ಮಾತುಕತೆಗೆ ಕುಳಿತಾಗ ಪರಸ್ಪರ ಪ್ರತಿಸ್ಪರ್ಧಿಗಳಾದವು. ಈ ಉಳಿದರ್ಧವನ್ನೂ ತಿಳಿಯದಿದ್ದರೆ ಆ ಕಾಲದಿಂದ ನಾವು ಕಲಿಯಬೇಕಾದದ್ದು ಕೈತಪ್ಪಿ ಹೋಗುತ್ತದೆ.

ಜಗಳದ ಬೀಜ ಬಿದ್ದದ್ದು ಯುದ್ಧದ ನಡುವೆಯೇ. 1915ರಲ್ಲಿ ಇಸ್ತಾಂಬುಲ್ ನಗರವನ್ನು ರಷ್ಯಾಕ್ಕೆ ಕೊಡುವುದಾಗಿ ಬ್ರಿಟನ್ ಮತ್ತು ಫ್ರಾನ್ಸ್ ಗುಟ್ಟಾಗಿ ಒಪ್ಪಿದವು. 1916ರ ಮೇ ತಿಂಗಳಲ್ಲಿ ಸೈಕ್ಸ್ ಮತ್ತು ಪಿಕೊ ಎಂಬ ಇಬ್ಬರು ಅಧಿಕಾರಿಗಳು ರೂಪಿಸಿದ ರಹಸ್ಯ ಒಪ್ಪಂದದಂತೆ ಅರಬ್ ನಾಡನ್ನು ಬ್ರಿಟನ್ ಮತ್ತು ಫ್ರಾನ್ಸ್ ಹಂಚಿಕೊಂಡವು. ಅದರಲ್ಲಿ ಮೋಸುಲ್ ಫ್ರಾನ್ಸಿನ ಪಾಲಿಗೆ ಸೇರಿತ್ತು. 1917ರಲ್ಲಿ ಇಝ್ಮೀರ್ ಪಟ್ಟಣವನ್ನು ಇಟಲಿಗೆ ಕೊಡುವ ಮಾತಾಯಿತು. ಇದರ ಜೊತೆಗೇ ಮಕ್ಕಾದ ಶರೀಫ್ ಹುಸೈನರಿಗೆ ಅರಬರ ಸ್ವಾತಂತ್ರ್ಯದ ಭರವಸೆ ನೀಡಿ ಬ್ರಿಟಿಷ್ ಅಧಿಕಾರಿ ಮ್ಯಾಕ್‌ಮೋಹನ್ ಪತ್ರ ಬರೆದಿದ್ದರು. ಒಂದೇ ಜಮೀನನ್ನು ಇಬ್ಬರಿಗೆ ಕ್ರಯ ಮಾಡಿಕೊಡುವವರನ್ನು ನಾವು ಊರಲ್ಲಿ ಕಂಡಿದ್ದೇವೆ. ಇಲ್ಲಿ ಅದನ್ನು ಸಾಮ್ರಾಜ್ಯಗಳೇ ಮಾಡಿದವು. 1917ರ ನವೆಂಬರಿನಲ್ಲಿ ರಷ್ಯಾದಲ್ಲಿ ಅಧಿಕಾರ ಹಿಡಿದ ಬೋಲ್ಶೆವಿಕರು ಈ ರಹಸ್ಯ ಕಾಗದಗಳನ್ನು ಪ್ರಕಟಿಸಿದಾಗ ಜಗತ್ತಿಗೆ ವಿಷಯ ತಿಳಿಯಿತು.

ಈ ಯುದ್ಧಕ್ಕೆ ನಮ್ಮ ನಾಡಿನ ನಂಟೂ ಇದೆ. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ತುರ್ಕರಿಂದ ಗೆದ್ದ ಅಶ್ವದಳಗಳಲ್ಲಿ ಮೈಸೂರು ಲ್ಯಾನ್ಸರ್ಸ್ ಕೂಡ ಒಂದು. ಅವರ ಸ್ಮಾರಕ ಬೆಂಗಳೂರಿನ ಜೆ.ಸಿ. ನಗರದಲ್ಲಿದೆ. ಪ್ರಾಣ ಕೊಟ್ಟವರು ಅವರು. ಆ ನೆಲ ಯಾರ ಕೈಗೆ ಹೋಗಬೇಕೆಂದು ತೀರ್ಮಾನಿಸಿದವರು ಬೇರೆಯವರು.

1918ರ ಅಕ್ಟೋಬರ್ 30ರಂದು ಮುದ್ರೋಸ್ ಬಂದರಿನಲ್ಲಿ ಯುದ್ಧವಿರಾಮಕ್ಕೆ ಸಹಿ ಬಿತ್ತು. ತುರ್ಕರೊಂದಿಗೆ ಮಾತನಾಡಿದ ಬ್ರಿಟಿಷ್ ನೌಕಾಧಿಪತಿ, ಫ್ರೆಂಚ್ ನೌಕಾಧಿಪತಿಯನ್ನು ಆ ಮಾತುಕತೆಗೆ ಸೇರಿಸಿಕೊಳ್ಳಲೇ ಇಲ್ಲ. ಯುದ್ಧವಿರಾಮವಾದ ಕೆಲವೇ ದಿನಗಳಲ್ಲಿ ಬ್ರಿಟಿಷ್ ಸೈನ್ಯ ಮೋಸುಲನ್ನು ಹಿಡಿದುಕೊಂಡಿತು. ಕಾಗದದಲ್ಲಿ ಅದು ಫ್ರಾನ್ಸಿನದು, ಕೈಯಲ್ಲಿ ಬ್ರಿಟನ್ನಿನದು.

ಅದೇ ವರ್ಷದ ಡಿಸೆಂಬರಿನಲ್ಲಿ ಫ್ರಾನ್ಸಿನ ಪ್ರಧಾನಿ ಕ್ಲೆಮೆನ್ಸೊ ಲಂಡನ್ನಿಗೆ ಬಂದರು. ಬ್ರಿಟನ್ನಿನ ಪ್ರಧಾನಿ ಲಾಯ್ಡ್ ಜಾರ್ಜ್ ಮೋಸುಲ್ ಬೇಕೆಂದರು, ಫೆಲೆಸ್ತೀನ್ ಬೇಕೆಂದರು. ಕ್ಲೆಮೆನ್ಸೊ ಎರಡಕ್ಕೂ ಒಪ್ಪಿದರು. ಇದಕ್ಕೆ ಬದಲಾಗಿ ಸಿರಿಯಾ ತಕರಾರಿಲ್ಲದೆ ತಮಗೆ ಬರುತ್ತದೆ, ಎಣ್ಣೆಯಲ್ಲೂ ಪಾಲು ಸಿಗುತ್ತದೆ ಎಂದು ಫ್ರೆಂಚರು ತಿಳಿದರು. ಆದರೆ ಈ ಒಪ್ಪಂದವನ್ನು ಅವರು ಬರೆದಿಡಲಿಲ್ಲ. ಅಲ್ಲಿ ಕೈಬದಲಾದ ನಾಡುಗಳ ಜನರನ್ನಂತೂ ಯಾರೂ ಕೇಳಲಿಲ್ಲ. 1919ರಲ್ಲಿ ಪ್ಯಾರಿಸ್ಸಿನ ಶಾಂತಿ ಸಮ್ಮೇಳನ ನಡೆಯುವಾಗ ಬ್ರಿಟಿಷ್ ಸೈನ್ಯ ಇನ್ನೂ ಸಿರಿಯಾದಲ್ಲೇ ಇತ್ತು. ಯಾರು ಯಾರಿಗೆ ಏನು ಮಾತು ಕೊಟ್ಟಿದ್ದರೆಂಬ ವಿಷಯದಲ್ಲಿ ಇಬ್ಬರು ಪ್ರಧಾನಿಗಳೂ ಬಿರುಸಾಗಿ ಜಗಳವಾಡಿದರು.

ಇಟಲಿಯದ್ದು ಇನ್ನೊಂದು ಕಥೆ. ಫ್ಯೂಮೆ ಎಂಬ ಬಂದರಿನ ವಿಷಯದಲ್ಲಿ ಮುನಿಸಿಕೊಂಡ ಇಟಲಿಯ ಪ್ರಧಾನಿ ಆರ್ಲಾಂಡೊ 1919ರ ಏಪ್ರಿಲ್‌ನಲ್ಲಿ ಸಮ್ಮೇಳನದಿಂದ ಎದ್ದು ಹೋದರು. ಅವರಿಲ್ಲದ ಹೊತ್ತಿನಲ್ಲಿ ಉಳಿದ ಮೂವರು, ಅಂದರೆ ಲಾಯ್ಡ್ ಜಾರ್ಜ್, ಕ್ಲೆಮೆನ್ಸೊ ಮತ್ತು ಅಮೆರಿಕದ ಅಧ್ಯಕ್ಷ ವಿಲ್ಸನ್, ಇಝ್ಮೀರಿಗೆ ಗ್ರೀಕ್ ಸೈನ್ಯವನ್ನು ಇಳಿಸಲು ಒಪ್ಪಿದರು. ಹಿಂದೆ ಇಟಲಿಗೆ ಕೊಡುವೆವೆಂದ ಊರು ಅದೇ. ಮೇ 15ರಂದು ಗ್ರೀಕರು ಇಳಿದರು, ರಕ್ತ ಹರಿಯಿತು. ನಾಲ್ಕು ದಿನಗಳ ನಂತರ ಮುಸ್ತಫಾ ಕಮಾಲ್ ಸಾಮ್ಸುನಿನಲ್ಲಿ ಕಾಲಿಟ್ಟರು. ತುರ್ಕರ ಪ್ರತಿರೋಧಕ್ಕೆ ಒಂದು ನಾಯಕತ್ವ ಸಿಕ್ಕಿತು.

1920ರ ಏಪ್ರಿಲ್‌ನಲ್ಲಿ ಸಾನ್ ರೆಮೊದಲ್ಲಿ ಮತ್ತೆ ಸೇರಿದಾಗ ಹಂಚಿಕೆ ಒಂದು ಹಂತಕ್ಕೆ ಬಂತು. ಸಿರಿಯಾ ಫ್ರಾನ್ಸಿಗೆ, ಇರಾಕ್ ಮತ್ತು ಫೆಲೆಸ್ತೀನ್ ಬ್ರಿಟನ್ನಿಗೆ, ಮೋಸುಲ್ ಎಣ್ಣೆಯಲ್ಲಿ ಶೇ. 25 ಫ್ರಾನ್ಸಿಗೆ. ಅದೇ ಜುಲೈ 24ರಂದು ಮೈಸಲೂನ್ ಕದನದಲ್ಲಿ ಅರಬ್ ಪಡೆಯನ್ನು ಫ್ರೆಂಚರು ಸೋಲಿಸಿದರು. ಶರೀಫ್ ಹುಸೈನರ ಮಗ ಫೈಸಲ್ ದಮಾಸ್ಕಸ್ ಬಿಟ್ಟು ಹೋಗಬೇಕಾಯಿತು. ಯುದ್ಧದಲ್ಲಿ ಅವರನ್ನು ಗೆಳೆಯನೆಂದಿದ್ದ ಬ್ರಿಟನ್ ಅಂದು ಸುಮ್ಮನಿತ್ತು. ಮರುವರ್ಷ ಅವರನ್ನೇ ತಂದು ಬಗ್ದಾದಿನಲ್ಲಿ ದೊರೆ ಮಾಡಿತು.

ಇದೇ ದಿನಗಳಲ್ಲಿ ಭಾರತದ ಮುಸ್ಲಿಮರ ಮನಸ್ಸು ಕುದಿಯುತ್ತಿತ್ತು. ಮೌಲಾನಾ ಮುಹಮ್ಮದ್ ಅಲಿ ಜೌಹರ್ ಅವರ ನಾಯಕತ್ವದ ಖಿಲಾಫತ್ ನಿಯೋಗ 1920ರ ಮಾರ್ಚ್‌ನಲ್ಲಿ ಲಂಡನ್ನಿನಲ್ಲಿ ಲಾಯ್ಡ್ ಜಾರ್ಜರನ್ನು ಕಂಡಿತು. ತುರ್ಕರ ಸ್ವಂತ ನೆಲವನ್ನು ಕಸಿಯುವುದಿಲ್ಲವೆಂದು 1918ರ ಜನವರಿ 5ರಂದು ಅವರೇ ಬಹಿರಂಗವಾಗಿ ಹೇಳಿದ್ದರು. ಆ ಮಾತು ಉಳಿಯಲಿಲ್ಲ. 1920ರ ಆಗಸ್ಟ್ 10ರಂದು ಸೆವ್ರ್ ಒಪ್ಪಂದಕ್ಕೆ ಸಹಿಯಾಗಿ ಅನಾಟೋಲಿಯಾವೂ ತುಂಡಾಯಿತು.

ಆ ಒಪ್ಪಂದ ಜಾರಿಗೆ ಬರಲಿಲ್ಲ. ಅದಕ್ಕೆ ತುರ್ಕರ ಹೋರಾಟ ಮೊದಲ ಕಾರಣ, ಗೆದ್ದವರ ಒಡಕು ಎರಡನೆಯ ಕಾರಣ. ಇಟಲಿ 1921ರಲ್ಲಿ ಅಂತಾಲ್ಯದಿಂದ ಸೈನ್ಯ ತೆಗೆಯಿತು. ಅದೇ ಅಕ್ಟೋಬರ್ 20ರಂದು ಫ್ರಾನ್ಸ್ ಮಿತ್ರನಿಗೆ ಬೆನ್ನು ಹಾಕಿ ಅಂಕಾರಾ ಸರಕಾರದೊಂದಿಗೆ ಪ್ರತ್ಯೇಕ ಒಪ್ಪಂದ ಮಾಡಿಕೊಂಡಿತು. 1922ರ ಸೆಪ್ಟೆಂಬರ್ 9ರಂದು ತುರ್ಕ್ ಸೈನ್ಯ ಇಝ್ಮೀರನ್ನು ಮರಳಿ ಪಡೆದು ಜಲಸಂಧಿಯತ್ತ ಬಂದಾಗ, ಚನಾಕ್‌ನಲ್ಲಿದ್ದ ಫ್ರೆಂಚ್ ಮತ್ತು ಇಟಾಲಿಯನ್ ಪಡೆಗಳು ಹಿಂದೆ ಸರಿದವು. ಎದುರಿಗೆ ಉಳಿದದ್ದು ಬ್ರಿಟಿಷರು ಮಾತ್ರ. ಒಂದು ಕಾಲದಲ್ಲಿ ನಮ್ಮ ದೇಶದ ವೈಸ್‌ರಾಯ್ ಆಗಿದ್ದ ಕರ್ಜನ್ ಆಗ ಬ್ರಿಟನ್ನಿನ ವಿದೇಶಾಂಗ ಮಂತ್ರಿ. ಪ್ಯಾರಿಸ್ಸಿಗೆ ಧಾವಿಸಿದ ಅವರು ಫ್ರೆಂಚ್ ಪ್ರಧಾನಿಯ ಕಟುಮಾತಿಗೆ ಕಣ್ಣೀರು ಹಾಕಿದರು. ಅಕ್ಟೋಬರ್ 19ರಂದು ಲಾಯ್ಡ್ ಜಾರ್ಜರ ಸರಕಾರ ಉರುಳಿತು. 1923ರ ಜುಲೈ 24ರಂದು ಲೊಸಾನ್‌ನಲ್ಲಿ ಹೊಸ ಒಪ್ಪಂದವಾಗಿ ಅನಾಟೋಲಿಯಾ ತುರ್ಕರಲ್ಲೇ ಉಳಿಯಿತು. ಅರಬ್ ನಾಡುಗಳಿಗೆ ಆ ಭಾಗ್ಯ ಬರಲಿಲ್ಲ. ಫೆಲೆಸ್ತೀನಿನ ಗಾಯ ಇಂದಿಗೂ ಮಾಸಿಲ್ಲ.

ಇನ್ನೊಂದು ಕಹಿ ಸಂಗತಿಯನ್ನೂ ಹೇಳಲೇಬೇಕು. 1924ರ ಮಾರ್ಚ್ 3ರಂದು ಖಿಲಾಫತ್ತನ್ನು ರದ್ದು ಮಾಡಿದ್ದು ಲಂಡನ್ ಅಲ್ಲ, ಅಂಕಾರಾದ ಶಾಸನಸಭೆ. ಎಲ್ಲವನ್ನೂ ಹೊರಗಿನವರ ಸಂಚೆಂದು ಹೇಳಿ ಮುಗಿಸಿದರೆ ಇತಿಹಾಸಕ್ಕೂ ನ್ಯಾಯವಾಗುವುದಿಲ್ಲ, ನಮ್ಮ ಮಕ್ಕಳಿಗೂ ನ್ಯಾಯವಾಗುವುದಿಲ್ಲ.

ಈ ಮಿತ್ರರು ಬೇರೆಯಾದದ್ದೇಕೆ? ಅವರನ್ನು ಕೂಡಿಸಿದ್ದು ಒಬ್ಬ ಶತ್ರುವಿನ ಭಯ. ಶತ್ರು ಬಿದ್ದೊಡನೆ ಆ ಗಂಟು ಸಡಿಲವಾಯಿತು. ಯಾವುದು ನ್ಯಾಯ ಎಂಬುದರಲ್ಲಿ ಅವರಿಗೆ ಒಮ್ಮತವಿರಲಿಲ್ಲ. ಪಾಲಿನ ಮಾತನ್ನು ಒಬ್ಬರಿಗೆ ಗೊತ್ತಾಗದಂತೆ ಇನ್ನೊಬ್ಬರಿಗೆ ಕೊಟ್ಟಿದ್ದರು. ಮುಖ್ಯವಾದ ಮಾತನ್ನು ಬರೆದಿಟ್ಟಿರಲಿಲ್ಲ.

ಗೆಲುವಿನ ನಂತರದ ಈ ಪರೀಕ್ಷೆ ಬದ್ರ್‌ನ ದಿನ ಸಹಾಬಿಗಳ ಮುಂದೆಯೂ ಬಂದಿತ್ತು. ಯುದ್ಧದಲ್ಲಿ ಸಿಕ್ಕ ಸೊತ್ತು ಯಾರಿಗೆ ಸೇರಬೇಕೆಂಬ ಪ್ರಶ್ನೆ ಎದ್ದಿತು. ಅಲ್ ಅನ್ಫಾಲ್ ಅಧ್ಯಾಯ ಆರಂಭವಾಗುವುದೇ ಆ ಪ್ರಶ್ನೆಯಿಂದ. ಅಲ್ಲಿ ಪಾಲಿನ ಲೆಕ್ಕಕ್ಕಿಂತ ಮೊದಲು ಬಂದದ್ದು, ನಿಮ್ಮ ನಡುವಿನ ಸಂಬಂಧವನ್ನು ಸರಿಪಡಿಸಿಕೊಳ್ಳಿ ಎಂಬ ಆಜ್ಞೆ.

ಸಹೋದರ ಸಹೋದರಿಯರೇ, ಈ ಕಥೆ ದೊಡ್ಡ ದೇಶಗಳದ್ದು ಮಾತ್ರವಲ್ಲ. ಅಣ್ಣತಮ್ಮಂದಿರು ಕೂಡಿ ಹತ್ತು ವರ್ಷ ಕೋರ್ಟಿಗೆ ಅಲೆದು ದಾಯಾದಿಯಿಂದ ಜಮೀನು ಬಿಡಿಸಿಕೊಳ್ಳುತ್ತಾರೆ. ತೀರ್ಪು ಬಂದ ವಾರದಲ್ಲೇ ಅವರವರಲ್ಲಿ ಮಾತು ನಿಲ್ಲುತ್ತದೆ. ಅಕ್ಕತಂಗಿಯರ ಪಾಲನ್ನಂತೂ ಕೇಳುವವರೇ ಇರುವುದಿಲ್ಲ. ಪಾಲುದಾರಿಕೆಯ ಅಂಗಡಿ ನಷ್ಟದಲ್ಲಿದ್ದಾಗ ಗಟ್ಟಿಯಾಗಿದ್ದು, ಲಾಭ ಬಂದ ವರ್ಷ ಒಡೆಯುತ್ತದೆ. ಕುರ್‌ಆನಿನ ಅತ್ಯಂತ ದೀರ್ಘ ಸೂಕ್ತ ಸಾಲದ ವ್ಯವಹಾರವನ್ನು ಸಾಕ್ಷಿಗಳ ಮುಂದೆ ಬರೆದಿಡುವ ಬಗ್ಗೆ ಇರುವುದು ಸುಮ್ಮನೆ ಅಲ್ಲ. ಯಾವ ಕೆಲಸಕ್ಕೆ ಕೂಡಿದರೂ ಯಾರ ಹಕ್ಕು ಎಷ್ಟೆಂದು ಮೊದಲೇ ಮಾತಾಡಿ ಬರೆದಿಡೋಣ. ಮಾತುಕತೆಯಲ್ಲಿ ಇಲ್ಲದವರ ಹಕ್ಕನ್ನೂ ಅದೇ ಕಾಗದದಲ್ಲಿ ಬರೆಯೋಣ.