ಕರಣಂ ಕಡತದಿಂದ ಕಂಪ್ಯೂಟರ್ ತನಕ: ಬಿ.ಕಾಂ. ಓದಿದ ನಮ್ಮ ಮಕ್ಕಳ ದುಡಿಮೆ



ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಸಾಲ, ಬೀಜ, ಗೊಬ್ಬರದ ವಿಚಾರ ಬರೆಯುವವರು ಬಹಳ ಮಂದಿ ಇದ್ದಾರೆ. ನಾವು ಬೇರೆ ಒಂದು ವಿಷಯ ಎತ್ತಿಕೊಂಡಿದ್ದೇವೆ. ಹೊಳಲಿನ ಓಣಿ ಓಣಿಯಲ್ಲೂ ಈಗ ಬಿ.ಕಾಂ., ಬಿ.ಬಿ.ಎ. ಮುಗಿಸಿದ ಹುಡುಗ ಹುಡುಗಿಯರು ಇದ್ದಾರೆ. "ಹೊಲ ಒತ್ತೆ ಹಾಕಿ ಓದಿಸಿದ್ವಿ, ಮುಂದೇನ್ರಿ? ಎಷ್ಟು ದುಡೀತಾರ್ರಿ?" ಅಂತ ಹೆತ್ತವರು ಕೇಳುತ್ತಾರೆ. ಇದಕ್ಕೆ ಉತ್ತರ ಹೇಳಬೇಕಾದರೆ ಸ್ವಲ್ಪ ಹಿಂದಿನ ಚರಿತ್ರೆ ನೋಡಬೇಕು.

ಮೊದಲು ಊರಿನ ಲೆಕ್ಕ ಬರೆಯುವುದು ಮನೆತನದ ಕೆಲಸವಾಗಿತ್ತು. ನಮ್ಮ ಭಾಗ 1953ರ ಅಕ್ಟೋಬರ್ 1ರ ತನಕ ಮದ್ರಾಸ್ ಆಡಳಿತದಲ್ಲಿ ಇದ್ದುದರಿಂದ ಇಲ್ಲಿ ಕರಣಂ, ಮೈಸೂರು ಸೀಮೆಯಲ್ಲಿ ಶಾನುಭೋಗರು. ಕರಣಂ ಮಗನೇ ಕರಣಂ. ರೈತನ ಮಗನಿಗೆ ಆ ಕಡತ ಮುಟ್ಟುವ ಅವಕಾಶ ಇರಲಿಲ್ಲ. 1961ರ ಗ್ರಾಮಾಧಿಕಾರಗಳ ರದ್ದತಿ ಕಾಯ್ದೆ 1963ರಲ್ಲಿ ಜಾರಿಗೆ ಬಂದ ಮೇಲೆ ಈ ಪದ್ಧತಿ ಹೋಯ್ತು.

ಅದಕ್ಕೂ ಮೊದಲೇ ಲೆಕ್ಕದ ಪುಸ್ತಕವನ್ನು ರೈತರ ಕೈಗೆ ತಂದದ್ದು ಸಹಕಾರ ಚಳವಳಿ. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂತು. 1905ರಲ್ಲಿ ತುಂಗಭದ್ರೆಯ ಆಚೆ, ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಂಘ ಕಟ್ಟಿದರು. ಅಲ್ಲಿಂದ ಮುಂದೆ ಹಳ್ಳಿಯಲ್ಲಿ ಲೆಕ್ಕ ಬಲ್ಲ ಕಾರ್ಯದರ್ಶಿ ಬೇಕಾದ.

ವಾಣಿಜ್ಯ ಶಿಕ್ಷಣ ಮಾತ್ರ ಬಹಳ ದಿನ ಪಟ್ಟಣದವರ ಸೊತ್ತಾಗಿತ್ತು. ಮುಂಬಯಿಯ ಸಿಡೆನ್‌ಹ್ಯಾಮ್ ಕಾಲೇಜು 1913ರಲ್ಲಿ, ಹುಬ್ಬಳ್ಳಿಯ ಜೆ.ಜಿ. ವಾಣಿಜ್ಯ ಕಾಲೇಜು 1947ರಲ್ಲಿ ಶುರುವಾದವು. ದಕ್ಷಿಣ ಕನ್ನಡದವರು ಮುಂದೆ ಹೋದದ್ದು ಹೇಗೆ? ಅವರ ನೆಲದಲ್ಲೇ 1906ರಲ್ಲಿ ಕೆನರಾ, ಕಾರ್ಪೊರೇಶನ್, 1925ರಲ್ಲಿ ಸಿಂಡಿಕೇಟ್ ಬ್ಯಾಂಕುಗಳು ಹುಟ್ಟಿದವು. ಓದಿದ ಹುಡುಗನಿಗೆ ಊರ ಹತ್ತಿರವೇ ಲೆಕ್ಕದ ಕುರ್ಚಿ ಸಿಕ್ಕಿತು. ಪದವಿಯ ಜೊತೆಗೆ ಲೆಕ್ಕ ಬೇಡುವ ಸಂಸ್ಥೆ ಇದ್ದರೇ ಓದಿಗೆ ಬೆಲೆ ಬರುತ್ತದೆ ಎಂಬುದು ಇದರಿಂದ ತಿಳಿಯಬೇಕಾದ ಮಾತು.

ನಮ್ಮ ಕಡೆಗೆ ಅಂಥ ದೊಡ್ಡ ಅವಕಾಶ ಬಂದದ್ದು 1969ರ ಬ್ಯಾಂಕ್ ರಾಷ್ಟ್ರೀಕರಣದ ನಂತರ. 1976ರಲ್ಲಿ ಬಳ್ಳಾರಿಯಲ್ಲಿ ತುಂಗಭದ್ರಾ ಗ್ರಾಮೀಣ ಬ್ಯಾಂಕು ಸ್ಥಾಪನೆಯಾಯಿತು. ಅದು ಪ್ರಗತಿ, ಪ್ರಗತಿ ಕೃಷ್ಣ, ಕರ್ನಾಟಕ ಗ್ರಾಮೀಣ ಎಂದು ಹೆಸರು ಬದಲಾಯಿಸುತ್ತಾ ಬಂದು, 2025ರ ಮೇ 1ರಿಂದ ಇಡೀ ರಾಜ್ಯಕ್ಕೆ ಒಂದೇ ಗ್ರಾಮೀಣ ಬ್ಯಾಂಕಾಗಿದೆ. ಅದರ ಕೇಂದ್ರ ಕಚೇರಿ ಈಗಲೂ ಬಳ್ಳಾರಿಯಲ್ಲೇ ಇದೆ.

ಈಗಿನ ದಾರಿಗಳನ್ನು ಒಂದೊಂದಾಗಿ ನೋಡೋಣ. ಮೊದಲನೆಯದು ಬ್ಯಾಂಕು. 2024ರ ವೇತನ ಒಪ್ಪಂದದ ಪ್ರಕಾರ ಗುಮಾಸ್ತರ ಆರಂಭದ ಮೂಲ ವೇತನ 24,050 ರೂಪಾಯಿ, ಅಧಿಕಾರಿಗಳದ್ದು 48,480 ರೂಪಾಯಿ. ತುಟ್ಟಿಭತ್ಯೆ ಇತ್ಯಾದಿ ಬೇರೆ. ಗ್ರಾಮೀಣ ಬ್ಯಾಂಕಿನ ಪರೀಕ್ಷೆಯನ್ನು 2019ರಿಂದ ಕನ್ನಡದಲ್ಲೂ ಬರೆಯಬಹುದು. ಆದರೆ ಈ ಪರೀಕ್ಷೆಗೆ ಯಾವ ಪದವಿಯಾದರೂ ನಡೀತದೆ, ಬಿ.ಕಾಂ. ಒಂದೇ ಸಾಲದು, ತಯಾರಿ ಬೇಕು.

ಎರಡನೆಯದು ಚಾರ್ಟರ್ಡ್ ಅಕೌಂಟೆಂಟ್. ಶೇ. 55 ಅಂಕ ಪಡೆದ ವಾಣಿಜ್ಯ ಪದವೀಧರರು ನೇರವಾಗಿ ಇಂಟರ್‌ಮೀಡಿಯೆಟ್ ಹಂತಕ್ಕೆ ಸೇರಬಹುದು. ಕಷ್ಟದ ದಾರಿ, ವರ್ಷಗಟ್ಟಲೆ ಹಿಡಿಯುತ್ತದೆ. ಮುಗಿಸಿದವರಿಗೆ ದುಡಿಮೆಗೆ ಕೊರತೆ ಇಲ್ಲ.

ಮೂರನೆಯದು ತೆರಿಗೆ ಲೆಕ್ಕ. 2017ರ ಜುಲೈ 1ರಂದು ಜಿ.ಎಸ್.ಟಿ. ಬಂತು. 2025ರ ಜುಲೈನಲ್ಲಿ ಯು.ಪಿ.ಐ. ಜಮೆ ನೋಡಿ ಸಣ್ಣ ಅಂಗಡಿಯವರಿಗೂ ನೋಟಿಸ್ ಹೋದದ್ದನ್ನು ನೀವೆಲ್ಲ ಕೇಳಿದ್ದೀರಿ. ಹಡಗಲಿಯ ಮಲ್ಲಿಗೆ ವ್ಯಾಪಾರಿಗೂ, ಗೊಬ್ಬರದ ಅಂಗಡಿಗೂ ಲೆಕ್ಕ ಬಲ್ಲವರು ಬೇಕೇ ಬೇಕು. ನಾಲ್ಕು ಅಂಗಡಿ ಲೆಕ್ಕ ಹಿಡಿದರೆ ಊರಲ್ಲೇ ಕೂತು ದುಡಿಯಬಹುದು.

ನಾಲ್ಕನೆಯದು ರೈತ ಉತ್ಪಾದಕ ಸಂಸ್ಥೆಗಳು. 2020ರ ಕೇಂದ್ರ ಯೋಜನೆಯಲ್ಲಿ ಇವುಗಳ ಮುಖ್ಯ ಕಾರ್ಯನಿರ್ವಾಹಕರಿಗೆ ತಿಂಗಳಿಗೆ 25,000, ಲೆಕ್ಕಿಗರಿಗೆ 10,000 ರೂಪಾಯಿ ತನಕ ನೆರವಿನ ಅವಕಾಶ ಇಟ್ಟಿದ್ದರು. ಬ್ಯಾಂಕಿನ ಸಂಬಳಕ್ಕೆ ಇದು ಸಮ ಅಲ್ಲ, ನಾವು ಸುಳ್ಳು ಆಸೆ ಹುಟ್ಟಿಸುವುದಿಲ್ಲ. ಆದರೆ ಬೆಂಗಳೂರಲ್ಲಿ ಬಾಡಿಗೆ, ಊಟ, ಬಸ್ ಚಾರ್ಜು ಕಳೆದು ಎಷ್ಟು ಉಳೀತದೆ ಅಂತ ಹೋಗಿ ಬಂದ ಹುಡುಗರನ್ನೇ ಕೇಳಿ ನೋಡಿ.

ಇನ್ನು ನಮ್ಮಂಥ ಸಂಘಗಳ ಮಾತು. 2022ರ ಜೂನ್‌ನಲ್ಲಿ ಕೇಂದ್ರ ಸರ್ಕಾರ 63,000 ಪ್ರಾಥಮಿಕ ಪತ್ತಿನ ಸಂಘಗಳ ಗಣಕೀಕರಣಕ್ಕೆ 2,516 ಕೋಟಿ ರೂಪಾಯಿಯ ಯೋಜನೆ ಒಪ್ಪಿತು. ಯಂತ್ರ ಬಂದರೆ ಸಾಲದು. ಜಮೆ ಯಾವುದು, ಖರ್ಚು ಯಾವುದು, ವಾಯಿದೆ ಮೀರಿದ ಸಾಲ ಯಾವುದು ಅಂತ ತಿಳಿದ ಕೈ ಬೇಕು. ಲೆಕ್ಕ ಕೆಟ್ಟ ಸಂಘದಲ್ಲಿ ಮೊದಲು ಮುಳುಗುವುದು ಬಡ ಸದಸ್ಯನ ಠೇವಣಿ.

ಅದಕ್ಕೇ ನಮ್ಮದೊಂದು ಸಲಹೆ. ಊರಿನ ಇಬ್ಬರು ವಾಣಿಜ್ಯ ಪದವೀಧರರನ್ನು, ಅದರಲ್ಲಿ ಒಬ್ಬ ಹೆಣ್ಣುಮಗಳನ್ನು, ಪ್ರತಿ ವರ್ಷ ಸಂಘದಲ್ಲಿ ತರಬೇತಿಗೆ ತೆಗೆದುಕೊಳ್ಳೋಣ. ಅವರಿಗೆ ಕೈಖರ್ಚಿನಷ್ಟು ಗೌರವಧನ ಕೊಡೋಣ. ರೋಕಡ ಪುಸ್ತಕ ಬರೆಯಲಿ, ಆಡಿಟ್ ಹೊತ್ತಿಗೆ ಪಕ್ಕದಲ್ಲಿ ಕೂತು ಕಲಿಯಲಿ. ಒಂದು ವರ್ಷದ ಅನುಭವ ಇದ್ದ ಮಕ್ಕಳು ಎಲ್ಲಿ ಹೋದರೂ ಬರಿಗೈಯಲ್ಲಿ ನಿಲ್ಲುವುದಿಲ್ಲ, ಸಂಘದ ಲೆಕ್ಕಕ್ಕೂ ನಾಲ್ಕು ಕಣ್ಣು ಹೆಚ್ಚಿಗೆ ಸಿಗುತ್ತವೆ. ಮುಂದಿನ ಸರ್ವ ಸದಸ್ಯರ ಸಭೆಯಲ್ಲಿ ಈ ಮಾತು ಬಂದಾಗ ಎಲ್ಲರೂ ಕೂಡಿ ವಿಚಾರ ಮಾಡಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇವೆ.