ಹುಳುವಿಲ್ಲದ ಹುಳುಕಡ್ಡಿ

ಮಗುವಿನ ತಲೆಯಲ್ಲಿ ರೂಪಾಯಿಯಗಲ ಕೂದಲುದುರಿ, ಹೊಟ್ಟೆದ್ದು, ಕೆರೆತ ಹತ್ತಿದರೆ ನಮ್ಮ ಬಾಯಿಗೆ ಬರುವ ಹೆಸರು ಹುಳುಕಡ್ಡಿ. ಹಳಗನ್ನಡದ ‘ಪುೞು’ವೇ ಇಂದಿನ ಹುಳು. ತಮಿಳಿನಲ್ಲಿ ಅದು ಈಗಲೂ ಪಕಾರದಲ್ಲೇ ಇದೆ.

ತಮಿಳರು ಹುಳುಕಡ್ಡಿಗೆ ‘ಪಡರ್‌ತಾಮರೈ’ ಎನ್ನುತ್ತಾರೆ, ಹಬ್ಬುವ ತಾವರೆ ಎಂದು. ‘ಪುೞುವೆಟ್ಟು’ ಎಂಬ ಮಾತೂ ಅವರಲ್ಲಿದೆ. ಅದು ತೇಪೆತೇಪೆಯಾಗಿ ಕೂದಲುದುರುವುದಕ್ಕೆ. ಚರ್ಮ ನುಣುಪಾಗಿಯೇ ಇರುವ ಆ ಕಾಯಿಲೆ ಅಂಟುವಂಥದ್ದೇ ಅಲ್ಲ. ಹುಳುವಿನ ಮೇಲೆ ದೂರು ಹೊರಿಸುವ ಚಾಳಿ ನಮ್ಮಲ್ಲಷ್ಟೇ ಇಲ್ಲ. ವೈದ್ಯರು ಬರೆಯುವ ‘ಟಿನಿಯಾ’ ಲ್ಯಾಟಿನ್ನಿನಲ್ಲಿ ಬಟ್ಟೆ ತಿನ್ನುವ ನುಸಿಹುಳು.

ಸಂಸ್ಕೃತ ಈ ಗೋಜಿಗೆ ಹೋಗದೆ ‘ದದ್ರು’ ಎಂದಿತು. ಚರಕ ಅದನ್ನು ಕ್ಷುದ್ರಕುಷ್ಠಗಳಲ್ಲಿ ಸೇರಿಸಿದರೆ ಸುಶ್ರುತ ಮಹಾಕುಷ್ಠಗಳ ಸಾಲಿಗೆ ಏರಿಸಿದ. ತಗಚೆ ಗಿಡಕ್ಕೆ ದದ್ರುಘ್ನ, ಚಕ್ರಮರ್ದ ಎಂಬ ಹೆಸರು ಬಂದದ್ದೂ ಇದರಿಂದಲೇ. ದದ್ರು ಸವೆದು ಕನ್ನಡದಲ್ಲಿ ದದ್ದಾಯಿತು. ಈಗ ಸೊಳ್ಳೆ ಕಚ್ಚಿದರೂ ದದ್ದೇ. ಅರ್ಥ ಹಿಗ್ಗಿತು, ಮೊನೆ ಮೊಂಡಾಯಿತು.

ಹುಳುವಿನ ಸುಳ್ಳು ಬಯಲಾದದ್ದು 1840ರ ದಶಕದಲ್ಲಿ. ಪ್ಯಾರಿಸ್ಸಿನಲ್ಲಿ ಡೇವಿಡ್ ಗ್ರೂಬಿ ರೋಗಿಗಳ ಕೂದಲನ್ನು ಸೂಕ್ಷ್ಮದರ್ಶಕದಡಿ ಇಟ್ಟಾಗ ಕಂಡದ್ದು ಶಿಲೀಂಧ್ರ, ಅಂದರೆ ರೊಟ್ಟಿಗೆ ಹಿಡಿಯುವ ಬೂಷ್ಟಿನ ಬಳಗ. ಕೂದಲಿನ ಕೆರಾಟಿನ್ನೇ ಅದಕ್ಕೆ ಅನ್ನ. ಹರೆಯ ಬಂದ ಮೇಲೆ ನೆತ್ತಿಯ ಜಿಡ್ಡಿನಲ್ಲಿರುವ ಕೊಬ್ಬಿನಾಮ್ಲಗಳು ಅದನ್ನು ತಡೆಯುತ್ತವೆ. ಹಾಗಾಗಿ ಇದು ಹೆಚ್ಚಾಗಿ ಮಕ್ಕಳ ಕಾಯಿಲೆ. ಭಾರತದಲ್ಲಿ ಹೆಚ್ಚು ಕಾಣುವ ಟ್ರೈಕೋಫೈಟನ್ ವಯೋಲೇಸಿಯಮ್ ಮನುಷ್ಯರಿಂದ ಮನುಷ್ಯರಿಗೇ ಹರಡುತ್ತದೆ: ಬಾಚಣಿಗೆ, ದಿಂಬು, ಕ್ಷೌರದ ಮೆಷಿನ್ನು, ಚಳಿನಾಡಿನಲ್ಲಾದರೆ ಒಬ್ಬರದನ್ನೊಬ್ಬರು ಹಾಕಿಕೊಳ್ಳುವ ಉಣ್ಣೆ ಟೊಪ್ಪಿ. ಇನ್ನೊಂದು ಜಾತಿ ಬೆಕ್ಕಿನ ಮರಿ, ನಾಯಿಮರಿಗಳಿಂದ ಅಂಟುತ್ತದೆ.

ಹೆಸರು ತಪ್ಪೆಂದು ನಾಲಗೆ ಅದನ್ನು ಬಿಡುವುದಿಲ್ಲ, ಬಿಡಬೇಕಾಗಿಯೂ ಇಲ್ಲ. ಆದರೆ ಹುಳು ಸಾಯಲೆಂದು ಸೀಮೆಎಣ್ಣೆ ಹಚ್ಚಬೇಡಿ. ಬೇರಿಗಿಳಿದ ಬೂಷ್ಟಿಗೆ ಬರೀ ಮುಲಾಮೂ ಸಾಲದು. ವೈದ್ಯರು ಕೊಟ್ಟ ಮಾತ್ರೆಯನ್ನು ಅವರು ಹೇಳಿದಷ್ಟು ವಾರ, ಕೆರೆತ ನಿಂತ ಮೇಲೂ, ಮಗುವಿಗೆ ನುಂಗಿಸಿ.